ಅಂಗಡಿಯವರು ಸಾಲಿಗೆ ಹೋದರು, ಪಂಪು ಹೊರುವವರು?

ನಮ್ಮದು ಅಫಜಲಪುರ ತಾಲ್ಲೂಕಿನ ಕರಜಗಿ. ಖುಷ್ಕಿ ಜಮೀನು, ಕರಿ ಭೂಮಿ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ, ಸ್ವಲ್ಪ ಕಡಲೆ. ತೊಗರಿ ಅಂದ ಮೇಲೆ ಕಾಯಿಕೊರಕ ಕೀಡಿ ಬಂತು, ಕೀಡಿ ಅಂದ ಮೇಲೆ ಎಣ್ಣಿ ಬಂತು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅಂತೀವಿ. ಈ ಎಣ್ಣಿ ಮಾರುವವರ ಕಲಿಕೆ, ಹೊಡೆಯುವವರ ಕಲಿಕೆ ಎರಡನ್ನೂ ಕೆಲವು ವರ್ಷದಿಂದ ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಅದನ್ನು ಬರೆಯುತ್ತೇನೆ.

ನಾನು ಎಣ್ಣಿ ತರುವ ಅಂಗಡಿಯವರಿಗೂ ನನ್ನಷ್ಟೇ ವಯಸ್ಸು. ಇಪ್ಪತ್ತೈದು ವರ್ಷದಿಂದ ಬೀಜ, ಗೊಬ್ಬರ, ಎಣ್ಣಿ ಮಾರಿಕೊಂಡು ಬಂದವರು. ಒಂದು ವರ್ಷ ವಾರಕ್ಕೊಂದು ದಿನ ಅಂಗಡಿ ಬಾಗಿಲು ಹಾಕತೊಡಗಿದರು. ಯಾಕೆಂದು ಕೇಳಿದೆ. "ಸಾಲಿಗಿ ಹೊಂಟೀನ್ರಿ ಅಣ್ಣಾ. ಕಲೀಲಿಲ್ಲಂದ್ರ ಲೈಸೆನ್ಸಿಗಿ ತ್ರಾಸ ಅದ" ಅಂದರು. ಕೈಚೀಲದಲ್ಲಿ ನೋಟುಬುಕ್ಕು, ಪೆನ್ನು. ಮೊಮ್ಮಗನ ಸಂಗಡ ಬಸ್ಸಿಗೆ ನಿಲ್ಲುತ್ತಿದ್ದರು, ಒಬ್ಬ ಕನ್ನಡ ಸಾಲಿಗೆ, ಒಬ್ಬ ಕೀಡಿ ಸಾಲಿಗೆ. ಊರ ಮಂದಿ ನಕ್ಕರು.

ನಗುವಂಥದ್ದೇನೂ ಇರಲಿಲ್ಲ. ಮೊದಲು ಎಣ್ಣಿ ಮಾರುವ ಪರವಾನಗಿಗೆ ಬಂಡವಾಳ ಇದ್ದರೆ ಸಾಕಿತ್ತು, ಓದು ಕೇಳುವವರಿರಲಿಲ್ಲ. 2015ರ ನವೆಂಬರಿನಲ್ಲಿ ಕೇಂದ್ರ ಸರಕಾರ 1971ರ ಕೀಟನಾಶಕ ನಿಯಮಗಳನ್ನು ತಿದ್ದಿ, ಮಾರುವವರು ಕೃಷಿಯಲ್ಲೋ ಸಂಬಂಧಪಟ್ಟ ವಿಜ್ಞಾನದಲ್ಲೋ ಪದವಿ ಓದಿರಬೇಕು ಅಂತ ಮಾಡಿತು. ಹಳಬರಿಗೆ ಎರಡು ವರ್ಷ ಗಡುವು ಕೊಟ್ಟಿತು. ದೇಶದ ತುಂಬ ಅಂಗಡಿಯವರು ಗದ್ದಲ ಎಬ್ಬಿಸಿದರು. ಐವತ್ತು ದಾಟಿದವರು ಈಗ ಬಿಎಸ್ಸಿ ಎಲ್ಲಿ ಓದಬೇಕು? ಗಡುವು ಮುಂದೆ ಮುಂದೆ ಹೋಯಿತು. ಕೊನೆಗೆ ಹಳಬರಿಗಾಗಿ 12 ವಾರದ ಒಂದು ಸರ್ಟಿಫಿಕೇಟ್ ಕೋರ್ಸು ಬಂತು.

ಇದರ ಜೊತೆಗೆ ಇನ್ನೊಂದು ದೊಡ್ಡ ಕೋರ್ಸು ಇದೆ, ಅದಕ್ಕೆ 'ದೇಸಿ' ಡಿಪ್ಲೊಮಾ ಅಂತಾರೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಶುರು ಮಾಡಿದ್ದು. ಒಂದು ವರ್ಷದ್ದು, 48 ವಾರ. ವಾರಕ್ಕೊಂದು ದಿನದಂತೆ 40 ಪಾಠ, 8 ಸಲ ಹೊಲಕ್ಕೆ ಹೋಗಿ ನೋಡುವುದು. ಮೊದಲು ಫೀ ಪೂರ್ತಿ ಅಂಗಡಿಯವರೇ ಕಟ್ಟಬೇಕಿತ್ತು, ಆಮೇಲೆ ಸರಕಾರ ಅರ್ಧ ಹೊರತೊಡಗಿತು. ನಮ್ಮ ಅಂಗಡಿಯವರು ಹೋದದ್ದು ಇದಕ್ಕೆ.

ಕಲಿತು ಬಂದ ಮೇಲೆ ಏನು ಬದಲಾಯಿತು ಅನ್ನುವುದು ನಮಗೆ ಮುಖ್ಯ. ಮೊದಲು ನಾವು ಹೋಗಿ "ತೊಗರಿಗಿ ಕೀಡಿ ಬಿದ್ದದ" ಅಂದರೆ, ಹಿಂದೆ ತಿರುಗಿ ಒಂದು ಡಬ್ಬಿ ತೆಗೆದು ಮುಂದಿಡುತ್ತಿದ್ದರು. ಈಗ ಕೇಳುತ್ತಾರೆ. ಹೂವಾಡಿ ಎಷ್ಟು ದಿನ ಆಯಿತು? ತತ್ತಿ ನೋಡೀರೋ, ಕೀಡಿ ನೋಡೀರೋ? ಎಷ್ಟು ಗಿಡ ನೋಡಿದಿರಿ? ಒಂದು ಗಿಡಕ್ಕೆ ಎರಡು ತತ್ತಿ ಇಲ್ಲವೆ ಒಂದು ಕೀಡಿ ಕಂಡರೆ ಹೊಡೆಯುವ ಹೊತ್ತು ಬಂತು, ಅದಕ್ಕಿಂತ ಕಡಿಮೆ ಇದ್ದರೆ ತಡೀರಿ ಅಂತಾರೆ. ಮೋಹಕ ಬಲೆ ಹಾಕೀರೇನು ಅಂತ ಕೇಳುತ್ತಾರೆ. ನನಗೆ ಒಮ್ಮೆ ಏನೂ ಕೊಡದೆ ವಾಪಸ್ ಕಳಿಸಿದರು. ಎಣ್ಣಿ ಮಾರುವವರು ಎಣ್ಣಿ ಬೇಡ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಲ್ಲ ಬದಲಾಯಿತು ಅಂತ ಹೇಳುವುದಿಲ್ಲ. ಉದ್ರಿ ವ್ಯವಹಾರ ಹಾಗೇ ಇದೆ. ಬಿತ್ತುವಾಗ ಉದ್ರಿ ತಂದವನು ಹೂವಾಡಿದಾಗ ಬೇರೆ ಅಂಗಡಿಗೆ ಹೋಗುವಂತಿಲ್ಲ, ಅವರು ಕೊಟ್ಟದ್ದನ್ನೇ ಹೊಡೆಯಬೇಕು. ಕಂಪನಿಯವರು ಇಷ್ಟು ಮಾಲು ಎತ್ತಿದರೆ ಇಷ್ಟು ಇನಾಮು ಅಂತ ಕಟ್ಟಿ ಹಾಕಿರುತ್ತಾರೆ. ವಾರಕ್ಕೊಂದು ಪಾಠದಿಂದ ಇದು ಹೋಗುವುದಿಲ್ಲ. ಆದರೂ ಗೊತ್ತಿಲ್ಲದೆ ಮಾರುವುದಕ್ಕೂ ಗೊತ್ತಿದ್ದು ಮಾರುವುದಕ್ಕೂ ಫರಕು ಇದೆ. ಗೊತ್ತಿದ್ದವರನ್ನು ನಾವು ಜಗ್ಗಿ ಕೇಳಬಹುದು.

ಕಾನೂನು ಎಲ್ಲಿ ನಿಂತಿತು

ನಾನು ಏಳನೆತ್ತೆ ಓದಿದವನು. ಕಾನೂನು ಪುಸ್ತಕ ನನಗೆ ದೂರ. ಅಂಗಡಿಯವರ ಪಾಠದ ಪುಸ್ತಕವನ್ನು ನನ್ನ ಮಗ ಓದಿ ಹೇಳಿದ, ನಾನು ಕೇಳಿ ಬರೆದುಕೊಂಡೆ.

1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿಗೆ ಪ್ಯಾರಾಥಿಯಾನ್ ವಿಷ ಸೋರಿ, ಅದನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಿಟ್ಟು, ವಿಷ ಎರಡೂ ಒಂದೇ ಹಡಗಿನಲ್ಲಿ ಬಂದಿದ್ದವು. ಆಮೇಲೆ ವಿಚಾರಣೆ ನಡೆದು, ಹತ್ತು ವರ್ಷಕ್ಕೆ, 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ತಯಾರಿಸುವವರಿಗೆ ಪರವಾನಗಿ, ಮಾರುವವರಿಗೆ ಪರವಾನಗಿ. ಮನೆ, ಗೋದಾಮುಗಳಿಗೆ ಹೋಗಿ ದುಡ್ಡಿಗೆ ಕೀಟ ಕೊಲ್ಲುವ ಪೆಸ್ಟ್ ಕಂಟ್ರೋಲಿನವರಿಗೂ ಪರವಾನಗಿ. ಅದಕ್ಕೆ ಕೃಷಿ ಪದವಿ ಇಲ್ಲವೆ ರಸಾಯನಶಾಸ್ತ್ರ ಇರುವ ವಿಜ್ಞಾನ ಪದವಿ ಬೇಕು, ಜೊತೆಗೆ ಕನಿಷ್ಠ 15 ದಿನದ ತರಬೇತಿ. ತರಬೇತಿ ಕೊಡಲು ನಿಯಮದಲ್ಲಿ ಹೆಸರಿಸಿದ ಸಂಸ್ಥೆಗಳಲ್ಲಿ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಒಂದು.

ರೈತರಿಗೆ? ತನ್ನ ಸ್ವಂತ ಸಾಗುವಳಿಯ ಭೂಮಿಗೆ ಎಣ್ಣಿ ಹೊಡೆದುಕೊಳ್ಳುವವನಿಗೆ ಈ ಕಾಯ್ದೆ ಹತ್ತುವುದಿಲ್ಲ. 38ನೆಯ ಕಲಮಿನಲ್ಲಿ ಹಾಗೆ ಬಿಟ್ಟಿದ್ದಾರೆ. ಅದು ಸರಿಯೇ. ಎರಡೆಕರೆ ತೊಗರಿಯವನು ಪ್ರತಿ ಸಲ ಕಚೇರಿಗೆ ಅಲೆಯುವಂತಾದರೆ ಕೀಡಿ ಕಾಯಿ ತಿಂದು ಮುಗಿಸಿರುತ್ತದೆ.

ಆದರೆ ನಮ್ಮೂರಲ್ಲಿ ಈಗ ತನ್ನ ಹೊಲಕ್ಕೆ ತಾನೇ ಪಂಪು ಹೊರುವವರು ಎಷ್ಟು ಮಂದಿ? ವಯಸ್ಸಾದವರು, ಗಂಡಸರಿಲ್ಲದ ಮನೆಯವರು, ಮಕ್ಕಳು ಪುಣೆ ಬೆಂಗಳೂರಿಗೆ ಹೋದವರು, ಎಲ್ಲರೂ ಟಾಕಿ ಲೆಕ್ಕದಲ್ಲಿ ಹುಡುಗರನ್ನು ಕರೆಯುತ್ತಾರೆ. ಹದಿನಾರು ಲೀಟರಿನ ಚಾರ್ಜಿಂಗ್ ಪಂಪು, ಒಂದು ಟಾಕಿಗೆ ಇಷ್ಟು ಅಂತ ಕೂಲಿ. ಹೂವು, ಕಾಯಿ ಹೊತ್ತಿನಲ್ಲಿ ಒಬ್ಬೊಬ್ಬ ಹುಡುಗ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಹೊಡೆಯುತ್ತಾನೆ, ಒಂದು ಹೊಲ ಮುಗಿಸಿ ಇನ್ನೊಂದು, ದಿನಾ. ಮಾರುವವರು ವರ್ಷಗಟ್ಟಲೆ ಪಾಠ ಕೇಳಿದರು. ದಿನವಿಡೀ ಅದರಲ್ಲೇ ಮುಳುಗಿದವನಿಗೆ ಒಂದು ತಾಸಿನ ಪಾಠವೂ ಇಲ್ಲ. ಮಾರುವ ಕಂಪನಿ, ವಿತರಕರು ಕೆಲಸಗಾರರಿಗೆ ತರಬೇತಿ ಕೊಡಬೇಕು, ಹೊಡೆಯುವವರಿಗೆ ರಕ್ಷಣೆಯ ಬಟ್ಟೆ ಇರಬೇಕು ಅಂತ 1971ರ ನಿಯಮಗಳಲ್ಲೇ ಬರೆದಿದೆ. ಬರೆದದ್ದು ಬರೆದ ಹಾಗೆ ಇದೆ.

ಡ್ರೋನಿನ ಮಾತು ನೋಡಿ. ಈಗ ನಮ್ಮ ಕಡೆ ತೊಗರಿಗೆ ಡ್ರೋನಿನಿಂದಲೂ ಹೊಡೆಯುತ್ತಾರೆ. 2021ರ ಡ್ರೋನ್ ನಿಯಮದ ಪ್ರಕಾರ ಅದನ್ನು ಹಾರಿಸುವವನಿಗೆ ಹದಿನೆಂಟು ತುಂಬಿರಬೇಕು, ಹತ್ತನೆ ಪಾಸಾಗಿರಬೇಕು, ತರಬೇತಿ ಪಡೆದು ಪ್ರಮಾಣಪತ್ರ ತೆಗೆದುಕೊಂಡಿರಬೇಕು. ಅವನು ಬದುವಿನ ಮೇಲೆ ದೂರ ನಿಂತು ಗುಂಡಿ ಒತ್ತುವವನು. ಬೆನ್ನ ಮೇಲೆ ವಿಷ ಹೊತ್ತು ಗಿಡದೊಳಗೆ ನಡೆಯುವವನಿಗೆ ಯಾವ ಕಾಗದವೂ ಬೇಡ!

ಬೇರೆ ದೇಶದಲ್ಲಿ ಹೀಗಿಲ್ಲ. ಅಮೆರಿಕದಲ್ಲಿ ಹೆಚ್ಚು ಅಪಾಯದ ಔಷಧಗಳನ್ನು ಬೇರೆ ಪಟ್ಟಿ ಮಾಡಿದ್ದಾರೆ. ಅವನ್ನು ಕೊಂಡು ತನ್ನ ಸ್ವಂತ ಹೊಲಕ್ಕೆ ಹೊಡೆಯಲೂ ರೈತನಿಗೆ ಸರ್ಟಿಫಿಕೇಟು ಬೇಕು. ಅದು ಹೆಚ್ಚೆಂದರೆ ಐದು ವರ್ಷದ್ದು. ಆಮೇಲೆ ಮತ್ತೆ ಪಾಠಕ್ಕೆ ಕೂತು ಇಲ್ಲವೆ ಪರೀಕ್ಷೆ ಬರೆದು ಹೊಸದು ಮಾಡಿಸಿಕೊಳ್ಳಬೇಕು. ಜರ್ಮನಿಯಲ್ಲಿ ಮೂರು ವರ್ಷಕ್ಕೊಮ್ಮೆ ಪಾಠ ಕೇಳಲೇಬೇಕು. ಅಲ್ಲಿಯ ರೈತರು ನಮಗಿಂತ ದಡ್ಡರು ಅಂತ ಅಲ್ಲ. ಔಷಧ ಬದಲಾಗುತ್ತದೆ, ಕೀಡಿ ಬದಲಾಗುತ್ತದೆ, ಹಳೆಯ ಪಾಠ ಸವೆಯುತ್ತದೆ, ಅದಕ್ಕೆ.

ತೊಗರಿ ತಲೆ ಮೇಲೆ ಬೆಳೆದಾಗ

ಈಗ ನನಗೆ ಯಾಕೆ ಇದು ಹತ್ತಿಕೊಂಡಿತು ಅನ್ನುವುದು. ನಮ್ಮ ಬಾಜು ಹೊಲದವರ ಮಗ, ಇಪ್ಪತ್ತೆರಡರ ಹುಡುಗ, ಕೂಲಿಗೆ ಎಣ್ಣಿ ಹೊಡೆಯುತ್ತಿದ್ದ. ಆ ವರ್ಷ ಮಳೆ ಚೆನ್ನಾಗಿ ತೊಗರಿ ಆಳೆತ್ತರ ದಾಟಿತ್ತು. ಹತ್ತಿಗೆ, ಕಡಲೆಗೆ ಹೊಡೆದಂತಲ್ಲ ಇದು. ಗಿಡ ಎತ್ತರ ಇದ್ದರೆ ಕೋಲು ಮೇಲೆತ್ತಿ ಹೊಡೆಯಬೇಕು, ಹೊಡೆದದ್ದು ಹನಿಯಾಗಿ ಮುಖ, ಕುತ್ತಿಗೆ, ತೋಳಿನ ಮೇಲೆಯೇ ಇಳಿಯುತ್ತದೆ. ಸಾಲಿನೊಳಗೆ ಗಾಳಿಯಾಡುವುದಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಹುಡುಗ ಬದುವಿನ ಮೇಲೆ ಕೂತುಬಿಟ್ಟ. ಬೆವರು ಸುರಿಯುತ್ತಿತ್ತು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಅನ್ನುತ್ತಿದ್ದ.

ಜೀಪಿನಲ್ಲಿ ದವಾಖಾನಿಗೆ ಒಯ್ದೆವು. ಡಾಕ್ಟರು ಮೊದಲು ಕೇಳಿದ್ದು ಒಂದೇ: "ಯಾವ ಔಷಧ?" ಯಾರಿಗೂ ಗೊತ್ತಿರಲಿಲ್ಲ. ಹೊಲದ ಮಾಲಕರು ತಂದುಕೊಟ್ಟದ್ದು, ಹುಡುಗ ಬೆರೆಸಿದ್ದು. ಡಬ್ಬಿ ಹೊಲದಲ್ಲೇ ಬಿದ್ದಿತ್ತು. ಮೋಟರ್‌ಸೈಕಲ್ ಮೇಲೆ ಒಬ್ಬ ಹೋಗಿ ಹುಡುಕಿ ತಂದ. ಒಂದಲ್ಲ, ಮೂರು ಡಬ್ಬಿ. ಮೂರನ್ನೂ ಒಂದೇ ಟಾಕಿಯಲ್ಲಿ ಕೂಡಿಸಿದ್ದ. ಅಷ್ಟರಲ್ಲಿ ಡಾಕ್ಟರು ಕಣ್ಣಿನ ಪಾಪೆ ಸಣ್ಣಗಾದದ್ದನ್ನು ನೋಡಿ ಅಟ್ರೋಪಿನ್ ಶುರು ಮಾಡಿದ್ದರು. ಹುಡುಗ ಉಳಿದ. ಆರು ದಿನ ಅಲ್ಲಿದ್ದ. ಮನೆಯವರು ಎಮ್ಮೆ ಮಾರಿದರು.

2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣಿ ಹೊಡೆದವರು ಇಪ್ಪತ್ತರಷ್ಟು ಮಂದಿ ಸತ್ತರು, ನೂರಾರು ಮಂದಿ ದವಾಖಾನಿ ಸೇರಿದರು. ಅಲ್ಲಿಯೂ ಇದೇ ಮಾತು ಬಂತು: ಹತ್ತಿ ಆಳೆತ್ತರ ಬೆಳೆದಿತ್ತು, ಎರಡು ಮೂರು ಔಷಧ ಕೂಡಿಸಿದ್ದರು, ಮೈಮೇಲೆ ಬರೀ ಅಂಗಿ. ಸತ್ತವರಲ್ಲಿ ಕೂಲಿಗೆ ಹೊಡೆಯುವವರೂ ಇದ್ದರು.

ನೀಲಿ ಹಾಕಿ ತೋರಿಸಿದ ಪಾಠ

ಆ ಹುಡುಗ ಮನೆಗೆ ಬಂದ ಮೇಲೆ ನಾವು ಏಳೆಂಟು ಮಂದಿ ರೈತರು ಕೂತು ಮಾತಾಡಿದೆವು. ಸರಕಾರ ಕೂಲಿ ಹೊಡೆಯುವವರಿಗೆ ಪರವಾನಗಿ ಮಾಡುವ ತನಕ ಕಾಯುವುದು ಆಗದ ಮಾತು. ನಾವೇ ವರ್ಷಕ್ಕೊಂದು ದಿನ ಪಾಠ ಇಡೋಣ. ತೊಗರಿ ಹೂವಿಗೆ ಬರುವ ಹೊತ್ತು, ಮಹಾನವಮಿ ಮುಗಿದು ಸೀಗಿ ಹುಣ್ಣಿಮೆಯ ಒಳಗೆ ಒಂದು ದಿನ. ಪಾಠ ಮಾಡುವವರು ನಮ್ಮ ಅಂಗಡಿಯವರು, ಜೊತೆಗೆ ರೈತ ಸಂಪರ್ಕ ಕೇಂದ್ರದಿಂದ ಒಬ್ಬರು.

ಮೊದಲ ವರ್ಷ ಪಾಠ ಕೆಟ್ಟಿತು. ಎರಡು ತಾಸು ಭಾಷಣ, ಹುಡುಗರು ಮೊಬೈಲು ನೋಡುತ್ತಾ ಕೂತರು. ಎರಡನೆಯ ವರ್ಷ ಹೊಲದಲ್ಲೇ ಇಟ್ಟೆವು. ಪಂಪಿಗೆ ಬರೀ ನೀರು ತುಂಬಿ, ಬಟ್ಟೆಗೆ ಹಾಕುವ ನೀಲಿ ಗಾಢವಾಗಿ ಕಲಸಿದೆವು. ಒಬ್ಬ ಹುಡುಗನಿಗೆ ಬಿಳಿ ಬನಿಯನ್ನು, ಬಿಳಿ ಪಾಯಿಜಾಮ ತೊಡಿಸಿ, ಮುಖಕ್ಕೆ ಬಿಳಿ ಅರಿವೆ ಕಟ್ಟಿ, ಎತ್ತರದ ತೊಗರಿಯಲ್ಲಿ ಗಾಳಿಗೆ ಎದುರಾಗಿ ಹೊಡೆಯುತ್ತಾ ನಾಲ್ಕು ಸಾಲು ನಡೆಸಿದೆವು. ಹೊರಗೆ ಬಂದಾಗ ಅವನನ್ನು ನೋಡಿ ಎಲ್ಲರೂ ನಕ್ಕರು, ಆಮೇಲೆ ಸುಮ್ಮನಾದರು. ಎದೆ, ತೊಡೆ, ಮುಖದ ಅರಿವೆ ಎಲ್ಲ ನೀಲಿ. ಬೆನ್ನಿಗೆ ಟಾಕಿಯ ಮುಚ್ಚಳದಿಂದ ಸೋರಿದ್ದು ಪಟ್ಟೆ ಪಟ್ಟೆ. ಅದೇ ಹುಡುಗ ಅರಿವೆ ಬದಲಿಸಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಕೋಲು ಮಗ್ಗುಲಿಗೆ ಹಿಡಿದು, ಹೊಡೆದ ಸಾಲು ಬಿಟ್ಟು ಹೊಡೆಯದ ಸಾಲಿನ ಕಡೆ ಸರಿಯುತ್ತಾ ಹೋದ. ಈ ಸಲ ತೋಳಿಗೆ, ಮೊಣಕಾಲಿಗೆ ಮಾತ್ರ ನೀಲಿ. ಭಾಷಣದಿಂದ ಆಗದ್ದು ಎರಡು ರೂಪಾಯಿ ನೀಲಿಯಿಂದ ಆಯಿತು. ಖರ್ಚಿಲ್ಲ, ಯಾವ ಊರಲ್ಲೂ ಮಾಡಬಹುದು, ನೀವೂ ಮಾಡಿ ನೋಡಿ.

ಆ ದಿನ ಇನ್ನು ಕಲಿಸುವುದು ಇಷ್ಟೇ. ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಂತ ಚೌಕ ಇರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದವನಿಗೂ ಇದು ತಿಳಿಯುತ್ತದೆ. ಹಸಿರು ಇದ್ದರೆ ಕುಡಿಯಬಹುದು ಅಂತಲ್ಲ, ಅದೂ ವಿಷವೇ. ಅಳತೆ ಮುಚ್ಚಳದಿಂದ ಅಲ್ಲ, ಅಳತೆ ಲೋಟದಿಂದ. ಲೀಟರಿಗೆ 2 ಮಿಲಿ ಅಂದರೆ ಹದಿನಾರು ಲೀಟರಿನ ಟಾಕಿಗೆ 32 ಮಿಲಿ, ಈ ಲೆಕ್ಕ ಬಾಯಿಪಾಠ. ನಾಜಲು ಕಟ್ಟಿದರೆ ಬಾಯಿಂದ ಊದಬಾರದು. ಡಬ್ಬಿಯ ಚೀಟಿ ಕಿಸೆಯಲ್ಲಿರಬೇಕು, ಯಾಕೆಂದು ನಮ್ಮೂರಲ್ಲಿ ಯಾರಿಗೂ ಹೇಳುವ ಕೆಲಸವಿಲ್ಲ. ಮತ್ತೆ, ಎಣ್ಣಿಗೂ ಮುಂಚೆ ಏನು ಮಾಡಬಹುದು ಅನ್ನುವುದು: ಬೇವಿನ ಬೀಜದ ಕಷಾಯ ಶೇಕಡಾ 5ರದ್ದು, ಮತ್ತು ಗಿಡ ಅಲುಗಿಸಿ ಕೀಡಿಯನ್ನು ತಾಡಪತ್ರಿ ಮೇಲೆ ಉದುರಿಸುವುದು. ಗಿಡ ಅಲುಗಿಸುವುದು ನಮ್ಮ ಭಾಗದ ಹಳೆಯ ಪದ್ಧತಿ, ಇಕ್ರಿಸ್ಯಾಟ್ ವಿಜ್ಞಾನಿಗಳೂ ಇದನ್ನು ಒಪ್ಪಿದ್ದಾರೆ. ದೊಡ್ಡ ಕೀಡಿ ಎಣ್ಣಿಗೆ ಬೇಗ ಸಾಯುವುದಿಲ್ಲ, ಉದುರಿಸಿದರೆ ಕೋಳಿ ತಿಂದು ಮುಗಿಸುತ್ತವೆ.

ಹೆಸರಿನ ವಹಿ

ಬಂದವರ ಹೆಸರು ಒಂದು ವಹಿಯಲ್ಲಿ ಬರೆಯುತ್ತೇವೆ. ಅದು ಒಂದು ವರ್ಷಕ್ಕೆ ಮಾತ್ರ. ಮುಂದಿನ ವರ್ಷ ಪಾಠಕ್ಕೆ ಬರದಿದ್ದರೆ ಹೆಸರು ಇಲ್ಲ. ನಾವು ಕೂಡಿದ ರೈತರು ವಹಿಯಲ್ಲಿದ್ದವರನ್ನೇ ಕರೆಯುತ್ತೇವೆ, ಟಾಕಿಗೆ ಹತ್ತು ರೂಪಾಯಿ ಹೆಚ್ಚು ಕೊಡುತ್ತೇವೆ, ಕೈಗವಸು, ಮುಖವಾಡ ಹೊಲದ ಮಾಲಕರದ್ದೇ. ಪರವಾನಗಿ ಅಂತ ಅನ್ನುವುದಿಲ್ಲ, ಅದು ಸರಕಾರದ ಮಾತು. ಹುಡುಗರೇ ತಮಾಷೆಗೆ "ಲೈಸನ್ ರಿನೀವಲ್ಲಿಗಿ ಹೊಂಟೀವಿ" ಅಂತಾರೆ.

ಪ್ರತಿ ವರ್ಷ ಯಾಕೆ, ಒಮ್ಮೆ ಕಲಿತರೆ ಸಾಲದೆ ಅಂತ ಕೇಳುವವರಿದ್ದರು. 2022ರ ಅಕ್ಟೋಬರಿನಲ್ಲಿ ಕಸದ ಎಣ್ಣಿ ಗ್ಲೈಫೋಸೇಟನ್ನು ಪೆಸ್ಟ್ ಕಂಟ್ರೋಲಿನವರು ಮಾತ್ರ ಹೊಡೆಯಬೇಕು ಅಂತ ಕೇಂದ್ರ ಆದೇಶ ಹೊರಡಿಸಿತು. ಕಂಪನಿಗಳು ಅದರ ವಿರುದ್ಧ ಕೋರ್ಟಿಗೆ ಹೋದವು. ಬದುವಿನ ಕಸಕ್ಕೆ ಪದವೀಧರನನ್ನು ಎಲ್ಲಿಂದ ತರಬೇಕು ಅಂತ ನಮ್ಮ ಹುಡುಗರು ನಕ್ಕರು, ಆದರೆ ಆದೇಶ ಯಾಕೆ ಬಂತು ಅನ್ನುವುದನ್ನು ಆ ವರ್ಷದ ಪಾಠದಲ್ಲಿ ಕೇಳಿದರು. ಮರುವರ್ಷ, 2023ರಲ್ಲಿ, ಮೆಥೊಮಿಲ್, ಡೈಕೋಫಾಲ್ ನಿಷೇಧವಾದವು. ಮೆಥೊಮಿಲ್ ನಮ್ಮ ತೊಗರಿಗೆ ಎಷ್ಟೋ ವರ್ಷ ಹೊಡೆದ ಎಣ್ಣಿ, ತತ್ತಿ ಸಾಯಲಿ ಅಂತ. ಪಾಠಕ್ಕೆ ಬರದವರು ಆಮೇಲೂ ಅಂಗಡಿಗೆ ಹೋಗಿ ಅದರ ಹೆಸರೇ ಹೇಳಿ ಕೇಳುತ್ತಿದ್ದರು. ಮನೆ ಮೂಲೆಯಲ್ಲಿ ಹಳೆಯ ಡಬ್ಬಿ ಇಟ್ಟುಕೊಂಡವರೂ ಇದ್ದರು.

ಎಲ್ಲರೂ ಒಪ್ಪಿದರು ಅಂತ ತಿಳಿಯಬೇಡಿ. ಊರಲ್ಲಿ ಎಲ್ಲರಿಗಿಂತ ಹೆಚ್ಚು ಹೊಡೆದ ಒಬ್ಬರಿದ್ದಾರೆ, ನನಗಿಂತ ದೊಡ್ಡವರು, ಕಾಕಾ ಅಂತ ಕರೆಯುತ್ತೇನೆ. ಅವರು ಒಮ್ಮೆಯೂ ಬಂದಿಲ್ಲ. "ಮೂವತ್ತ್ ವರ್ಷ ಹೊಡದೀನಿ, ನನಗೇನ್ ಆಗ್ಯಾದ? ಆ ಹುಡುಗ್ರು ನನಗ ಕಲಸ್ತಾರೇನು?" ಅಂತಾರೆ. ಅವರ ಹೆಸರು ವಹಿಯಲ್ಲಿಲ್ಲ. ಹತ್ತು ರೂಪಾಯಿ ಕಡಿಮೆ ಅಂತ ಊರ ಅರ್ಧ ಮಂದಿ ಅವರನ್ನೇ ಕರೆಯುತ್ತಾರೆ. ಅವರ ಕೈ ನಡುಗುವುದನ್ನು ನಾನು ನೋಡಿದ್ದೇನೆ. ಅದು ಎಣ್ಣಿಯಿಂದಲೋ ವಯಸ್ಸಿನಿಂದಲೋ, ಡಾಕ್ಟರು ನೋಡಿ ಹೇಳಬೇಕು, ಅವರು ಡಾಕ್ಟರ ಹತ್ತಿರವೂ ಹೋಗುವುದಿಲ್ಲ.

ನಮ್ಮ ಬೇಡಿಕೆ ಸಣ್ಣದು. ಅಂಗಡಿಯವರಿಗೆ 48 ವಾರದ ಕೋರ್ಸು ಮಾಡಿದ ಸರಕಾರ, ಕೂಲಿಗೆ ಹೊಡೆಯುವವರಿಗೆ ವರ್ಷಕ್ಕೆ ಎರಡು ದಿನದ ಕೋರ್ಸು ಮಾಡಲಿ. ಹೋಬಳಿಗೊಂದು ಕಡೆ, ರೈತ ಸಂಪರ್ಕ ಕೇಂದ್ರದಲ್ಲೇ. ಆ ಎರಡು ದಿನದ ಕೂಲಿಯನ್ನೂ ಕೊಡಬೇಕು, ಇಲ್ಲದಿದ್ದರೆ ಹೊಟ್ಟೆಗೆ ದುಡಿಯುವವನು ಬರುವುದಿಲ್ಲ. ಓದು ಇಷ್ಟೇ ಆಗಿರಬೇಕು ಅಂತ ಹಾಕಬಾರದು. ಪರೀಕ್ಷೆ ಬಾಯಿಂದ ಕೇಳಲಿ, ಕೈಯಿಂದ ಮಾಡಿಸಿ ನೋಡಲಿ. ಮೂರು ವರ್ಷಕ್ಕೊಮ್ಮೆ ಹೊಸದು ಮಾಡುವ ಒಂದು ಗುರುತಿನ ಚೀಟಿ ಕೊಡಲಿ, ಅದರ ಸಂಗಡ ವಿಮೆ ಸೇರಿಸಲಿ. ಎಮ್ಮೆ ಮಾರಿದ ಮನೆಯನ್ನು ನೋಡಿ ಈ ವಿಮೆಯ ಮಾತು ಬರೆದಿದ್ದೇನೆ. ಈ ಅರ್ಜಿಯನ್ನು ನಮ್ಮೂರ ರೈತರು ಸಹಿ ಮಾಡಿ ತಾಲ್ಲೂಕಿನ ಕೃಷಿ ಕಚೇರಿಗೆ ಕೊಟ್ಟಿದ್ದೇವೆ. ಬೇರೆ ತಾಲ್ಲೂಕಿನವರೂ ತಮ್ಮ ತಮ್ಮ ಕಚೇರಿಗೆ ಬರೆದರೆ ತೂಕ ಬರುತ್ತದೆ.

ಈ ವರ್ಷದ ಪಾಠವೂ ಸೀಗಿ ಹುಣ್ಣಿಮೆಯ ಹಿಂದಿನ ದಿನ, ಊರ ಹೊರಗೆ ನಮ್ಮ ಹೊಲದಲ್ಲಿ, ಮುಂಜಾನೆ ಏಳಕ್ಕೆ. ಗಾಳಿ ಏಳುವ ಮುಂಚೆ ಶುರು ಮಾಡುತ್ತೇವೆ. ಸುತ್ತಲಿನ ಹಳ್ಳಿಯವರು ಬಂದು ನೋಡಬಹುದು. ಬರುವಾಗ ನಿಮ್ಮ ನಿಮ್ಮ ಪಂಪು ತನ್ನಿರಿ, ಸೋರುವ ಪಂಪು ಇದ್ದರೆ ಮೊದಲು ಅದನ್ನೇ ತನ್ನಿರಿ. ವಾಶರು, ನಾಜಲು ಅಲ್ಲೇ ಬದಲಿಸಿ ಕೊಡಲು ಒಬ್ಬರನ್ನು ಕರೆದಿದ್ದೇವೆ.